ಸೀಲ್ ಮರಿಯ ಆ ಫೋಟೋ ನನ್ನದು

ಡನೀಡಿನ್ ಎಂಬ ಈ ಪರದೇಶದ ಊರಿನ ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಡಾಕ್ಟರ್ ಅಂಕಲ್ ಇದ್ದಾರೆ. ಅವರ ಹೆಸರು ಕೇಳಿದರೆ ಸಾಕು, ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಾರಣ ಒಂದು ಫೋಟೋ.

ನಾನು ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಕ್ಕಾಗಲೆಲ್ಲ ಬಂದರಿನಾಚೆಯ ಬಂಡೆಗಳಿಗೆ ಹೋಗಿ ಸೀಲ್ ಎಂಬ ಕಡಲ ಪ್ರಾಣಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ತೆಗೆಯುವುದು ಕಡಿಮೆ, ಕಾಯುವುದೇ ಹೆಚ್ಚು. ದೂರದಲ್ಲೇ ಬೋರಲು ಮಲಗಿ, ಉದ್ದನೆಯ ಲೆನ್ಸನ್ನು ಚೀಲದ ಮೇಲೆ ಊರಿ, ಕೊಳೆತ ಮೀನಿನ ನಾತ ಸಹಿಸಿಕೊಂಡು ಸುಮ್ಮನಿರಬೇಕು. ಎಷ್ಟೋ ಸಲ ಸಿಗುವುದು ಬರೀ ಬೆನ್ನು. ಒಂದು ದಿನ ಮಾತ್ರ ಮರಿಯೊಂದು ಕಡಲಪಾಚಿಯ ಎಳೆಯನ್ನು ಕಚ್ಚಿ ತಂದು, ಮಲಗಿದ್ದ ತಾಯಿಯ ಮೂತಿಯ ಮೇಲೆ ಹಾಕಿತು. ತಾಯಿ ಒಂದೇ ಕಣ್ಣು ತೆರೆದು ನೋಡಿತು. ಅದೇ ಚಿತ್ರ. ಮನೆಗೆ ಬಂದವಳು ಒದ್ದೆ ಜೀನ್ಸ್ ಕೂಡ ಬದಲಿಸದೆ, ಮೂಲೆಯಲ್ಲಿ ನನ್ನ ಹೆಸರು ಹಾಕಿ ಕೂಟದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಗುಡ್ ಮಾರ್ನಿಂಗ್‌ಗಳ ರಾಶಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೂಟದ ಕ್ಯಾಲೆಂಡರ್ ಹಂಚಿದರು. ಮೇಲೆ ನನ್ನ ಮರಿ. ನನ್ನ ಹೆಸರಿದ್ದ ಮೂಲೆ ಮಾಯವಾಗಿತ್ತು, ಕೆಳಗೆ ಅಂಕಲ್ ಹೆಸರು ಮಿಂಚುತ್ತಿತ್ತು. ಕೇಳಿದ್ದಕ್ಕೆ, "ಗ್ರೂಪಿಗೆ ಹಾಕಿದ್ಮೇಲೆ ಅದು ಎಲ್ರದ್ದೂ ಅಲ್ವೇನಮ್ಮಾ?" ಎಂದು ನಕ್ಕರು. ಎಲ್ಲರದ್ದಾದರೆ ಇವರೊಬ್ಬರ ಹೆಸರೇಕೆ? ಸಾಲದ್ದಕ್ಕೆ, ಮರಿಯ ಪಕ್ಕದಲ್ಲೇ ಕೂತು ತೆಗೆದೆ ಎಂದು ಪಾಯಸದ ಬಟ್ಟಲು ಹಿಡಿದು ವರ್ಣಿಸುತ್ತಿದ್ದರು. ಅವರ ಹೆಂಡತಿ, ಪಾಪ ಆಂಟಿಗೇನು ಗೊತ್ತು, ನನ್ನ ಬೆನ್ನು ತಟ್ಟಿ, "ನೀನೂ ಇವರ ಹತ್ರ ಸ್ವಲ್ಪ ಕಲ್ತ್ಕೊಳ್ಳೇ. ಸುಮ್ನೆ ಅಷ್ಟು ದೊಡ್ಡ ಕ್ಯಾಮೆರಾ ಹೊರ್ತೀಯ" ಎಂದರು.

ಹಬ್ಬದ ದಿನ ಹಿರಿಯರ ಮೇಲೆ ಬಾಯಿ ಮಾಡಿದರೆ ಕೆಟ್ಟವಳಾಗುವುದು ನಾನೇ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೆ. ಆದರೆ ಇವರನ್ನು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಕೂಟದ ಪಿಕ್ನಿಕ್ ಎಲ್ಲಿ ಎಂಬ ಮಾತು ಬಂದಾಗ ಅದೇ ಬಂಡೆಗಳ ಜಾಗ ಸೂಚಿಸಿದೆ. ಪುಳಿಯೋಗರೆ ಮುಗಿಯುತ್ತಲೇ ದನಿಯನ್ನು ಬೆಣ್ಣೆ ಮಾಡಿಕೊಂಡು ಹೇಳಿದೆ.

"ಅಂಕಲ್, ಆ ಫೋಟೋ ಹೆಂಗ್ ತೆಗೆದ್ರಿ ಅಂತ ಎಲ್ರಿಗೂ ಒಂದ್ಸಲ ತೋರ್ಸಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆದರಿ ತಡವರಿಸುತ್ತಾರೆ, ಆಗ ಬಾಯಿ ಬಿಡಿಸೋಣ ಎಂಬುದು ನನ್ನ ಲೆಕ್ಕ. ಅವರು ಡಬ್ಬಿಯಿಂದ ಚಪಾತಿ ತೆಗೆದು, ಊರಲ್ಲಿ ಹಸುವಿಗೆ ಕೊಡುವ ಹಾಗೆ ಬೆಲ್ಲ ಇಟ್ಟು ಸುತ್ತಿದರು. "ಮೂಕಪ್ರಾಣಿ ಹತ್ರ ಬರಿಗೈಲಿ ಹೋಗ್ಬಾರ್ದು" ಎಂದು, ಸೀಲ್‌ಗಳಿಂದ ದೂರವಿರಿ ಎಂಬ ಬೋರ್ಡನ್ನು ದಾಟಿ ಇಳಿದೇಬಿಟ್ಟರು.

"ಅಂಕಲ್, ತಿನ್ನೋಕೆ ಕೊಡ್ಬೇಡಿ! ಸೀಲ್‌ಗೂ ನೀರಿಗೂ ಮಧ್ಯ ನಿಲ್ಬೇಡಿ!" ಎಂದು ಕೂಗಿದೆ. ಸೇಡು ನನಗೆ ಅವರ ಮೇಲಿತ್ತು, ಸೀಲ್ ಮೇಲಲ್ಲ.

"ನಂಗೇ ಹೇಳ್ಕೊಡ್ತೀಯಾ?" ಎಂದು ತಿರುಗಿ, ಸರಿಯಾಗಿ ಅಲ್ಲೇ ನಿಂತರು.

ದೊಡ್ಡ ಗಂಡು ಸೀಲೊಂದು ಎದ್ದು ಅಬ್ಬರಿಸಿತು. ಚಪಾತಿ ಒಂದು ಕಡೆ, ಅಂಕಲ್ ಒಂದು ಕಡೆ. ಅದು ಅವರನ್ನು ಮೂಸಿಯೂ ನೋಡದೆ ಸಮುದ್ರ ಸೇರಿತು. ಅಂಕಲ್ ಎರಡು ಬಂಡೆಗಳ ನಡುವೆ, ಮಂಡಿಯುದ್ದ ನೀರಿನಲ್ಲಿ, ಕಡಲಪಾಚಿ ಸುತ್ತಿಕೊಂಡು ಕೂತಿದ್ದರು. ಎಲ್ಲರಿಗಿಂತ ಮೊದಲು ಓಡಿದವಳು ನಾನು. ಎಲುಬು ಮುರಿದಿದೆಯೇ ಎಂದು ನೋಡಿದೆ. ಏನೂ ಆಗಿರಲಿಲ್ಲ. ನನಗೆ ಖುಷಿಯಾಯಿತು. ಇನ್ನು ನಿಶ್ಚಿಂತೆಯಿಂದ ಕೇಳಬಹುದಿತ್ತು.

"ಎತ್ತಮ್ಮಾ" ಎಂದು ಕೈ ಚಾಚಿದರು.

"ಆ ಫೋಟೋ ಯಾರು ತೆಗೆದಿದ್ದು ಅಂಕಲ್?"

ಮೇಲೆ ಹುಲ್ಲಿನ ಮೇಲೆ ಆಂಟಿಯೂ ಉಳಿದವರೂ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಅಂಕಲ್ ಅತ್ತ ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿ ಗೊಣಗಿದರು: "ನೀನೇ."

ನಾನು ಅವರ ಕೈ ಮುಟ್ಟಲಿಲ್ಲ.

"ಜೋರಾಗಿ ಹೇಳಿ ಅಂಕಲ್. ಆಂಟಿಗೆ ಕೇಳಿಸ್ಲಿಲ್ಲ."