ಟವೆಲಕ್ಕನ ಎರಡನೇ ಹಂತ

ಆ ಸಲೂನಿಗೆ ಬರುವ ಹೆಂಗಸರಿಗೆಲ್ಲ ಅವಳು ಟವೆಲಕ್ಕ. ಸೇರಿದ ಹೊಸದರಲ್ಲಿ ಟವೆಲ್ ಒಗೆದು ಮಡಚುವ ಕೆಲಸ ಅವಳ ಪಾಲಿಗೆ ಬಂದಿತ್ತು, ಯಾರೋ ಹಾಗೆ ಕರೆದರು, ಹೆಸರು ಅಂಟಿಕೊಂಡೇಬಿಟ್ಟಿತು. ಆಮೇಲೆ ತಲೆ ತೊಳೆಯುವ ಕೆಲಸಕ್ಕೆ ಬಂದಳು. ತಲೆ ತೊಳೆಯುವುದೇನು ಮಹಾ ಎನ್ನಬೇಡಿ. ಬೇಸಿನ್ನಿನ ಅಂಚಿಗೆ ಕುತ್ತಿಗೆ ಒರಗಿಸಿ, ನೀರಿನ ಬಿಸಿಯನ್ನು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಂಡು, ಕಿವಿಯ ಹಿಂದೆ ಬೆರಳಾಡಿಸತೊಡಗಿದಳೆಂದರೆ, ಮನೆಯಲ್ಲಿ ಜಗಳ ಕಾದು ಬಂದವರೂ ಗೊರಕೆ ಹೊಡೆಯುತ್ತಿದ್ದರು.

ಆ ಕಸುಬಿನಲ್ಲಿ ಹಂತಗಳಿವೆ. ಮೊದಲನೇ ಹಂತದವರು ತಲೆ ತೊಳೆಯಬೇಕು, ಬಿದ್ದ ಕೂದಲು ಗುಡಿಸಬೇಕು, ಬಣ್ಣ ಕಲಸಿಕೊಡಬೇಕು. ಎರಡನೆಯದು ಪಾಸಾದರೆ ಕೈಗೆ ಕತ್ತರಿ, ಸ್ವಂತಕ್ಕೊಂದು ಕುರ್ಚಿ. ಮೂರನೆಯದನ್ನೂ ಮುಗಿಸಿದವರು ಅಂಗಡಿ ನಡೆಸಬಹುದು, ಬೇರೆಯವರಿಗೆ ಕಲಿಸಬಹುದು. ಟವೆಲಕ್ಕನ ಕಣ್ಣೆದುರೇ ಎಷ್ಟೋ ಹುಡುಗಿಯರು ಬಂದು, ತಲೆಗೆ ಟವೆಲ್ ಸುತ್ತುವುದನ್ನು ಅವಳಿಂದಲೇ ಕಲಿತು, ಮೇಲಿನ ಹಂತಕ್ಕೆ ಹೋಗಿ, “ಅಕ್ಕಾ, ಇವರ ತಲೆ ಬೇಗ ತೊಳೀರಿ” ಎಂದು ಅವಳಿಗೇ ಹೇಳುವಂತಾದರು. ಹೊಟ್ಟೆ ಉರಿಯದೆ ಇರುತ್ತದೆಯೇ? ಚೆನ್ನಾಗಿಯೇ ಉರಿಯುತ್ತಿತ್ತು. ನಲವತ್ತು ದಾಟಿದ ಮೇಲಾದರೂ ತನ್ನದೆನ್ನುವ ಒಂದು ಕುರ್ಚಿಯ ಹಿಂದೆ ನಿಲ್ಲಬೇಕು ಎನ್ನುವುದೊಂದೇ ಅವಳ ಆಸೆ.

ಆ ಹುಡುಗಿಯರು ಕಲಿತದ್ದು ಸಂಜೆಯ ತರಬೇತಿ ಕ್ಲಾಸಿನಲ್ಲಿ. ಸಂಜೆಯೆಂದರೆ ಟವೆಲಕ್ಕನಿಗೆ ಅಡುಗೆ, ಮಕ್ಕಳು, ಅತ್ತೆ. ಇನ್ನು ಸಲೂನಿನ ಒಡತಿ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಕತ್ತರಿ ಹಿಡಿದರೆ ಕೈಗೆ ಮುತ್ತಿಡಬೇಕು ಅನ್ನಿಸುವಂಥವರು. ಆದರೆ ಅವರು ಯಾರಿಗೂ ಕಲಿಸುತ್ತಿರಲಿಲ್ಲ. ಹಿಂದೆ ಕೈಹಿಡಿದು ಕಲಿಸಿದ ಹುಡುಗಿಯೊಬ್ಬಳು ಎದುರಿನ ಸಾಲಿನಲ್ಲೇ ಅಂಗಡಿ ತೆರೆದ ಮೇಲೆ ಆ ಉಸಾಬರಿಯೇ ಬೇಡವೆಂದು ಬಿಟ್ಟಿದ್ದರು. ಹಾಗಾಗಿ ಟವೆಲಕ್ಕ ಹಿಂದಿನ ಬೇಸಿನ್ನಿನ ಬಳಿ ನಿಂತೇ ಕಲಿತಳು. ಅಲ್ಲಿಂದ ನೇರವಾಗಿ ಕಾಣುತ್ತಿದ್ದದ್ದು ಮೇಡಂ ಬೆನ್ನು ಮಾತ್ರ, ಕೈ ಕಾಣುತ್ತಿದ್ದದ್ದು ಎದುರಿನ ಕನ್ನಡಿಯಲ್ಲಿ. ಅದನ್ನೇ ನೋಡಿ ನೋಡಿ ಕಣ್ಣಲ್ಲಿ ತುಂಬಿಕೊಂಡಳು.

ಧೈರ್ಯ ಮಾಡಿ ಪರೀಕ್ಷೆಗೂ ಹೋದಳು. ತಲೆ ಕೊಡುವವರನ್ನು ತಾವೇ ಕರೆತರಬೇಕು. ಪಕ್ಕದ ಮನೆಯವಳ ತಲೆ, ಗದ್ದದ ಮಟ್ಟಕ್ಕೆ ಸಮನಾಗಿ ಕತ್ತರಿಸಬೇಕು. ಒಂದು ಕಡೆ ಗದ್ದಕ್ಕೆ ಬಂತು, ಇನ್ನೊಂದು ಕಡೆ ಕಿವಿಯ ಹತ್ತಿರ ಹೋಯಿತು. ಫೇಲ್. ಪಕ್ಕದ ಮನೆಯವಳು ಮಾತು ಬಿಟ್ಟಳು. ಮೇಡಂ ನಕ್ಕು, “ನಿನ್ನ ಕೈಗೆ ನೀರು ಒಲಿದಿದೆ ಕಣೇ, ಕತ್ತರಿ ಒಲಿದಿಲ್ಲ. ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯಾ” ಎಂದರು. ಆ ದಿನ ಟವೆಲಕ್ಕ ಟವೆಲ್ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿ ಮನಸಾರೆ ಅತ್ತಳು.

ಬಿಡುವ ಜಾಯಮಾನ ಅವಳದಲ್ಲ. ಮನೆಯಲ್ಲಿ ಸಿಗುವ ತಲೆ ಎಂದರೆ ಅತ್ತೆಯದು. ಗಂಡನ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ, ಪಾಪ. ಅತ್ತೆಯ ಕೂದಲು ಬೆನ್ನಿನಿಂದ ಭುಜಕ್ಕೆ, ಭುಜದಿಂದ ಕಿವಿಗೆ ಬಂತು. ಒಂದು ಕಡೆ ಸರಿಮಾಡಲು ಹೋದರೆ ಇನ್ನೊಂದು ಕಡೆ ಮೇಲೇರುತ್ತಿತ್ತು.

“ಇನ್ನೊಂದ್ಸಲ ಪ್ರಾಕ್ಟೀಸ್ ಅಂದ್ರೆ ಏನು ಕತ್ತರಿಸ್ತೀಯಮ್ಮಾ, ನನ್ನ ಕಿವೀನಾ?” ಎಂದು ಅತ್ತೆ ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟರು. ಆಮೇಲೆ ಏನೋ ಹೊಳೆದಂತೆ ಸೊಸೆಯ ಕೈ ನೋಡಿದರು. “ಅಲ್ಲಾ, ಬರೆಯೋದು ಬಲಗೈ, ತರಕಾರಿ ಹೆಚ್ಚೋದು ಬಲಗೈ. ಕತ್ತರಿ ಯಾಕೆ ಎಡಗೈಯಲ್ಲಿ?”

“ನಮ್ಮ ಮೇಡಂ ಹಂಗೇ ಹಿಡಿಯೋದು ಅತ್ತೆ. ಆ ಜಾದೂ ಇರೋದೇ ಅವರ ಎಡಗೈಯಲ್ಲಿ.”

“ಹೋಗಿ ಹತ್ತಿರ ನಿಂತ್ಕೊಂಡು ನೋಡಿದ್ದೀಯಾ?”

ನೋಡಿರಲಿಲ್ಲ. ಅವಳು ಗುಡಿಸಲು ಹೋಗುವಷ್ಟರಲ್ಲಿ ಮೇಡಂ ಕತ್ತರಿ ಕೆಳಗಿಟ್ಟಿರುತ್ತಿದ್ದರು. ಮಾರನೆಯ ದಿನ ಕೂದಲು ಗುಡಿಸುವ ನೆಪ ಮಾಡಿಕೊಂಡು ಮೇಡಂ ಪಕ್ಕದಲ್ಲಿ ಬಗ್ಗಿದಳು. ಕತ್ತರಿ ಇದ್ದದ್ದು ಬಲಗೈಯಲ್ಲಿ! ಅಯ್ಯೋ ದೇವರೇ. ಕನ್ನಡಿಯಲ್ಲಿ ಕಂಡವರನ್ನು ಎದುರಿಗೆ ನಿಂತವರೆಂದೇ ತಿಳಿದು, ಎದುರಿನವರಿಗೆ ಎಡಬಲ ಅದಲುಬದಲು ಎಂದು ಲೆಕ್ಕ ಹಾಕಿ, ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಇಷ್ಟು ವರ್ಷ ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಆಡಿಸಿದ್ದಳು. ಆ ಕತ್ತರಿ ಎಡಗೈಗೆ ಹೋದರೆ ಅಲಗುಗಳು ಸರಿಯಾಗಿ ಕೂಡುವುದಿಲ್ಲ, ಕೂದಲು ಮಡಚಿಕೊಂಡು ಜಾರುತ್ತದೆ. ಸಮ ಎಲ್ಲಿಂದ ಬರಬೇಕು?

ಅಂದಿನಿಂದ ಕುರ್ಚಿಯ ಬೆನ್ನಿಗೆ ಉಣ್ಣೆ ದಾರದ ಕುಚ್ಚು ಕಟ್ಟಿ ಬಲಗೈಯಲ್ಲಿ ಶುರುಮಾಡಿದಳು. ಅತ್ತೆಯ ಕಾವಲು ಬೇರೆ. ಕೈ ಬೇಗ ಹದಕ್ಕೆ ಬಂತು. ಆದರೆ ಎದುರಿಗೆ ಕನ್ನಡಿ ಇದ್ದರೆ ಮಾತ್ರ ಹಳೆಯ ಚಾಳಿ ಎದ್ದು ಬೆರಳು ತಡವರಿಸುತ್ತಿತ್ತು. ಅದಕ್ಕಿಂತ ದೊಡ್ಡ ಪೇಚೆಂದರೆ, ಪರೀಕ್ಷೆಗೆ ಕೂರಲು ಭುಜದ ತನಕ ಕೂದಲಿರುವ ತಲೆ ಬೇಕು. ಅವಳಿಗೆ ತಲೆ ಕೊಡುವವರು ಯಾರೂ ಉಳಿದಿರಲಿಲ್ಲ.

ಅತ್ತೆ ಯಾರನ್ನೂ ಕೇಳದೆ ಸಲೂನಿಗೇ ಹೋದರು. ತಲೆಯ ಮೇಲಿನ ಬಟ್ಟೆ ಕಿತ್ತು, “ನೋಡಿ ಮೇಡಂ, ನಿಮ್ಮನ್ನ ನೋಡಿ ಕಲ್ತಿದ್ದಕ್ಕೆ ಆದ ಗತಿ ಇದು” ಎಂದರು. ಕುಳಿತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ಮೇಡಂ ಕೂಡ. ಟವೆಲಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಕನ್ನಡಿಯ ಕಥೆ ಕೇಳುತ್ತಾ ಕೇಳುತ್ತಾ ಮೇಡಂ ನಗು ನಿಂತುಹೋಯಿತು.

“ಪರೀಕ್ಷೆಗೆ ತಲೆ ಕೊಡೋಕೆ ಯಾರು ಕೂರ್ತಾರೆ?” ಎಂದು ಕೇಳಿದರು.

“ಯಾರೂ ಇಲ್ಲ ಮೇಡಂ.”

“ನಾನು ಬರ್ತೀನಿ.”

ಮೇಡಂ ತಲೆಗೆ ಬೇರೆಯವರ ಕತ್ತರಿ ತಾಗಿದ್ದನ್ನು ಆ ಸಲೂನಿನಲ್ಲಿ ಯಾರೂ ಕಂಡಿರಲಿಲ್ಲ. ಪರೀಕ್ಷೆಯ ದಿನ ಅವರು ಬಂದು ಕುರ್ಚಿಯಲ್ಲಿ ಕುಳಿತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡರು. ಎದುರಿಗೆ ಗೋಡೆಯಗಲದ ಕನ್ನಡಿ. ಟವೆಲಕ್ಕ ತಲೆಯೆತ್ತಿ ನೋಡಿದಳೋ ಇಲ್ಲವೋ, ಬಲಗೈ ಮರಗಟ್ಟಿತು. ಕತ್ತರಿ ತಾನಾಗಿಯೇ ಎಡಗೈಯತ್ತ ಹೊರಟಿತು. ಪರೀಕ್ಷಕಿ ಗಡಿಯಾರ ನೋಡಿದರು. ಈ ಸಲ ಹೋದರೆ ಜನ್ಮಪೂರ್ತಿ ಬೇಸಿನ್ನೇ ಗತಿ ಎಂದು ಅವಳಿಗೆ ಗೊತ್ತಿತ್ತು.

“ಕುರ್ಚಿ ಹಿಂದಿನ ಗೋಡೆ ಕಡೆ ತಿರುಗಿಸ್ಕೊಳ್ಳಬಹುದಾ?” ಎಂದು ಕೇಳಿದಳು.

“ಕನ್ನಡಿ ಬೇಡ್ವಾ?” ಪರೀಕ್ಷಕಿಗೆ ಆಶ್ಚರ್ಯ.

“ಬೇಡ, ನನಗೆ ತಲೆ ಕಂಡ್ರೆ ಸಾಕು.”

ಕುರ್ಚಿ ತಿರುಗಿತು. ತಮ್ಮ ತಲೆಯ ಮೇಲೆ ಏನು ನಡೆಯುತ್ತಿದೆಯೆಂದು ಈಗ ಮೇಡಂಗೂ ಕಾಣುವಂತಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಟವೆಲಕ್ಕ ಕೂದಲನ್ನು ಭಾಗ ಮಾಡಿ, ಬಾಚಿ, ಬೆರಳ ನಡುವೆ ಹಿಡಿದು ಕತ್ತರಿಸತೊಡಗಿದಳು. ಆಮೇಲೆ ಅವಳ ಕೈ ಎಲ್ಲೂ ನಿಲ್ಲಲಿಲ್ಲ.

ಕೊನೆಗೆ ಪರೀಕ್ಷಕಿ ಬಂದು ಎರಡೂ ಕಡೆಯ ಮುಂಗೂದಲನ್ನು ಗದ್ದದ ಕೆಳಗೆ ಎಳೆದು ಸೇರಿಸಿದರು. ತುದಿಗೆ ತುದಿ ಕೂಡಿತು. ಇನ್ನೊಮ್ಮೆ ಎಳೆದರು, ಮತ್ತೆ ಕೂಡಿತು. “ಪಾಸ್” ಎಂದರು. “ಚೆನ್ನಾಗಿದೆಯಲ್ರೀ, ಯಾರ ಹತ್ತಿರ ಕಲಿತಿದ್ದು?”

“ಇವರೇ, ನಮ್ಮ ಮೇಡಂ” ಎಂದಳು ಟವೆಲಕ್ಕ ಹಿಗ್ಗಿನಿಂದ.

“ನಾನು ಕಲಿಸಿಲ್ಲ” ಎಂದರು ಮೇಡಂ. “ಇಷ್ಟು ವರ್ಷ ನನ್ನ ಬೆನ್ನ ಹಿಂದೇನೇ ನಿಂತಿದ್ಲು. ನಾನು ಒಂದು ಸಲಾನೂ ತಿರುಗಿ ನೋಡ್ಲಿಲ್ಲ.”

ಹೇಳುತ್ತಾ ಹೇಳುತ್ತಾ ಅವರ ತಲೆ ತಗ್ಗಿತು. ಟವೆಲಕ್ಕನ ಕಣ್ಣೂ ಮಂಜಾಯಿತು. ಆದರೆ ಮೇಡಂ ಕುತ್ತಿಗೆಯ ಮೇಲೆ ಕತ್ತರಿಸಿದ ಕೂದಲು ಇನ್ನೂ ಅಂಟಿಕೊಂಡಿತ್ತು. ಅವಳು ಬ್ರಷ್ ಎತ್ತಿಕೊಂಡು, “ಕತ್ತು ನೆಟ್ಟಗಿಡಿ ಮೇಡಂ, ನನ್ನ ಕೆಲಸ ಇನ್ನೂ ಮುಗಿದಿಲ್ಲ” ಎಂದಳು.