ಇಬ್ರಾಹಿಂ ಕಾಕ ಲ್ಯಾಪ್‌ಟಾಪ್ ಬಿಚ್ಚಿ ನೋಡಿದ್ದು

ಕಬಕದ ಇಬ್ರಾಹಿಂ ಕಾಕನಿಗೆ ಅರುವತ್ತೆರಡು ವರ್ಷ. ಅದರಲ್ಲಿ ನಲವತ್ತನ್ನು ಅಡಿಕೆ ವ್ಯಾಪಾರದಲ್ಲಿ ಕಳೆದರು, ಆ ನಲವತ್ತು ವರ್ಷವೂ ಯಾರನ್ನೂ ನಂಬಲಿಲ್ಲ. ಗೋಣಿಯ ಮೇಲ್ಗಡೆ ಚಂದದ ಅಡಿಕೆ ಇಟ್ಟು ಅಡಿಯಲ್ಲಿ ಪಟೋರ, ಅಂದರೆ ಬಿರುಕು ಬಿಟ್ಟ ಕಳಪೆ ಅಡಿಕೆ, ತುಂಬಿಸುವ ಜಾಣರು ನಮ್ಮ ಕಡೆ ಕಡಿಮೆಯಿಲ್ಲ. ಹಾಗಾಗಿ ಕಾಕ ಮೊಣಕೈವರೆಗೆ ಗೋಣಿಯೊಳಗೆ ಕೈ ತೂರಿಸಿ, ತಳದಿಂದ ನಾಲ್ಕು ಅಡಿಕೆ ತೆಗೆದು, ಚಾಕುವಿನಿಂದ ಹೋಳು ಮಾಡಿ, ಒಳಗಿನ ಬಿಳಿ ನೋಡಿದ ಮೇಲೆಯೇ ಬಾಯಿ ಬಿಡುವುದು. ಈ ಚಾಳಿ ಅಡಿಕೆಗೆ ನಿಂತಿದ್ದರೆ ಚೆನ್ನಾಗಿತ್ತು. ಹಾಸಿಗೆ ಕೊಂಡರೂ ಮೂಲೆ ಬಿಚ್ಚಿ ಹತ್ತಿ ನೋಡುವವರು ಅವರು. ಅಳಿಯನನ್ನು ಆರಿಸಲು ಹೋದಾಗ ಮಾತ್ರ ಚಾಕು ಮನೆಯಲ್ಲಿ ಬಿಟ್ಟಿದ್ದರು.

ಮಗಳು ಜುಮಾನಾ ಮನೆಯಲ್ಲೇ ಕುಳಿತು ಗಲ್ಫಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾಳೆ. ಕಳೆದ ವಾರ ಅವಳ ಹಳೆಯ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಸೋಮವಾರ ಸಂಜೆ ನಾಲ್ಕಕ್ಕೆ ಹನ್ನೆರಡು ಮಕ್ಕಳ ಹೊಸ ತರಗತಿ ಶುರುವಾಗಬೇಕು. ಮೊದಲ ದಿನವೇ ಟೀಚರು ಕಾಣದಿದ್ದರೆ ಆ ಮಕ್ಕಳು ಬೇರೆಯವರ ಪಾಲು. ಹೊಸದರ ಬೆಲೆ ಕೈಗೆ ಎಟಕದೆ, ಶನಿವಾರ ಅಪ್ಪ ಮಗಳು ಪುತ್ತೂರಿನ ಪ್ರಸನ್ನನ ಅಂಗಡಿಗೆ ಹೋದರು. ಕಂಪೆನಿಗಳು ಬಳಸಿ ಬಿಟ್ಟ, ರಿಪೇರಿಯಾದ ಲ್ಯಾಪ್‌ಟಾಪುಗಳನ್ನು ಬೆಂಗಳೂರಿನಿಂದ ತರಿಸಿ ಮಾರುವವನು ಅವನು. ಒಂದನ್ನು ಆರಿಸಿದ ಮೇಲೆ ಆರು ತಿಂಗಳ ವಾರಂಟಿ ಕಾಗದವನ್ನೂ ಕೊಟ್ಟ.

ಕಾಕ ಕಾಗದ ಓದಿಸಿಕೊಂಡರು. ಬಿದ್ದರೆ ವಾರಂಟಿ ಇಲ್ಲ. ನೀರು ತಾಗಿದರೆ ಇಲ್ಲ. ಸಿಡಿಲಿಗೆ ಇಲ್ಲ. ಇರುವೆ ಹೊಕ್ಕರೂ ಇಲ್ಲ.

“ಹಾಗಾದ್ರೆ ಉಂಟು ಅಂತ ಹೇಳುದು ಎಂತಕ್ಕೆ ಮಾರಾಯ್ರೆ?”

“ಅದಾಗಿಯೇ ಹಾಳಾದ್ರೆ ಉಂಟು ಕಾಕ.”

“ಒಮ್ಮೆ ತೆಗ್ದು ಒಳಗೆ ತೋರಿಸಿ.”

ಪ್ರಸನ್ನ ಲ್ಯಾಪ್‌ಟಾಪನ್ನು ಮಗುಚಿ, ಒಂದು ಸ್ಕ್ರೂವಿನ ಮೇಲೆ ಅಂಟಿಸಿದ್ದ ಉಗುರಿನಷ್ಟು ಕಾಗದದ ಸೀಲು ತೋರಿಸಿದ. “ಇದು ಹರಿದ್ರೆ ವಾರಂಟಿ ಹೋಯ್ತು. ಹೊರಗಿಂದಲೇ ನೋಡ್ಬೇಕು.”

ಹೊರಗಿಂದ ನೋಡುವುದೆಂದರೆ ಕಾಕನ ಪಾಲಿಗೆ ನೋಡದೇ ಇರುವುದು. ಮಗಳು ಕಣ್ಣು ದೊಡ್ಡದು ಮಾಡಿದ್ದರಿಂದ ಹಣ ಕೊಟ್ಟು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

ಭಾನುವಾರ ಬೆಳಿಗ್ಗೆ ನನ್ನ ವಾಚ್ ರಿಪೇರಿ ಅಂಗಡಿಗೆ ಬಂದು, “ಅಚ್ಚುತಣ್ಣ, ಸಣ್ಣ ಸ್ಕ್ರೂಡ್ರೈವರ್ ಉಂಟಾ? ಕನ್ನಡಕ ಲೂಸ್ ಆಗಿದೆ” ಎಂದರು. ಕೊಟ್ಟೆ. ಕಾಕ ಕನ್ನಡಕ ಹಾಕುವುದೇ ಇಲ್ಲ ಎಂಬುದು ಅವರು ಹೋದ ಮೇಲೆ ಹೊಳೆಯಿತು. ನನ್ನ ಬುದ್ಧಿ ಅಷ್ಟೇ.

ಸ್ವಲ್ಪ ಹೊತ್ತಿನಲ್ಲಿ ಜುಮಾನಾಳ ಕೂಗು ರಸ್ತೆಗೆ ಕೇಳಿಸಿತು. ಓಡಿದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು, ಸೀಲು ಎರಡು ತುಂಡಾಗಿತ್ತು.

“ಆರು ತಿಂಗಳ ವಾರಂಟಿಯನ್ನು ಒಂದೇ ದಿನದಲ್ಲಿ ತಿಂದು ಹಾಕಿದ್ರಲ್ಲ ಉಪ್ಪ!”

ಅವಳು ಉಪ್ಪ ಎಂದು ಕರೆಯುವ ಅಪ್ಪ ಲ್ಯಾಪ್‌ಟಾಪಿನ ಒಳಕ್ಕೆ ಬೆರಳು ತೋರಿಸಿದರು. ಒಳಗಿನ ಬ್ಯಾಟರಿ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತ್ತು. ಉಬ್ಬಿದ ಬ್ಯಾಟರಿಗೆ ಯಾವಾಗ ಬೇಕಾದರೂ ಬೆಂಕಿ ಹತ್ತಬಹುದು, ಅವಳು ಪಾಠ ಮಾಡುವುದೋ ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು. ಆದರೆ ಜುಮಾನಾಳಿಗೆ ಆಗ ಕಂಡದ್ದು ಹರಿದ ಸೀಲು ಮಾತ್ರ. ಪ್ರಸನ್ನ ಇನ್ನು ಇದನ್ನು ಮುಟ್ಟುವುದಿಲ್ಲ, ನಾಳೆ ನಾಲ್ಕಕ್ಕೆ ಹನ್ನೆರಡು ಮಕ್ಕಳು ಕಾಯುತ್ತಾರೆ. ಅವಳು ಅಪ್ಪನೊಂದಿಗೆ ಮಾತು ಬಿಟ್ಟಳು. ಕಾಕ ಅಂದು ಮೀನನ್ನೂ ಬಿಡಿಸಿ ನೋಡದೆ ಉಂಡರಂತೆ.

ಸೋಮವಾರ ಅಂಗಡಿ ತೆರೆಯುವ ಮೊದಲೇ ನಾವು ಮೂವರೂ ಪುತ್ತೂರಿನಲ್ಲಿದ್ದೆವು. ಪ್ರಸನ್ನ ಮೊದಲು ನೋಡಿದ್ದು ಸೀಲನ್ನೇ.

“ಇದು ನೀವು ತೆಗೆದದ್ದಲ್ವಾ ಕಾಕ? ಇನ್ನು ನಾನು ಎಂತ ಮಾಡುದು?”

“ಹೌದು, ನಾನೇ ತೆಗೆದದ್ದು. ಸುಳ್ಳು ಹೇಳುದಿಲ್ಲ. ನೀವು ಒಳಗೆ ನೋಡಿದ್ರಾ?”

“ನಮಗೆ ಬರುದೇ ಚೆಕ್ ಆಗಿ. ನಾನು ಸೀಲು ಹಾಕುದು ಮಾತ್ರ.”

“ಅಂದ್ರೆ, ನೋಡದೆ ವಾರಂಟಿ ಕೊಟ್ಟದ್ದು ನೀವು. ನಾನು ನೋಡಿದೆ ಅಂತ ಈಗ ವಾರಂಟಿ ಇಲ್ಲ ಅನ್ನುದೂ ನೀವು. ಗೋಣಿ ಬಿಚ್ಚಿದ್ರೆ ಅಡಿಕೆಗೆ ಹುಳ ಬೀಳ್ತದಾ ಮಾರಾಯ್ರೆ?”

ಪ್ರಸನ್ನ ಕಳ್ಳನಲ್ಲ, ಸೋಮಾರಿ ಅಷ್ಟೇ. ಅದೇ ಲೋಡಿನಲ್ಲಿ ಬಂದಿದ್ದ ಇನ್ನೊಂದನ್ನು ಕಪಾಟಿನಿಂದ ಇಳಿಸಿ ತಾನೇ ಬಿಚ್ಚಿದ. ಅದರಲ್ಲೂ ಪೂರಿ. ಅವನ ಮುಖ ಇಳಿದುಹೋಯಿತು. ಮತ್ತೆ ವಾದ ಮಾಡಲಿಲ್ಲ. ಪ್ಯಾಕೆಟ್ ಒಡೆದು ಹೊಸ ಬ್ಯಾಟರಿ ಹಾಕಿದ. ಮಸೀದಿಯ ಮಧ್ಯಾಹ್ನದ ಬಾಂಗಿಗೆ ಮೊದಲೇ ಲ್ಯಾಪ್‌ಟಾಪ್ ಎದ್ದು ಕುಳಿತಿತು, ನಾಲ್ಕರ ಪಾಠಕ್ಕೆ ಬೇಕಾದಷ್ಟು ಹೊತ್ತಿತ್ತು. ಕೊನೆಗೆ ಪ್ರಸನ್ನ ಅಭ್ಯಾಸಬಲದಿಂದ ಹೊಸ ಸೀಲು ಕೈಗೆತ್ತಿಕೊಂಡ.

“ಅದು ಬೇಡ ಪ್ರಸನ್ನಣ್ಣ,” ಎಂದಳು ಜುಮಾನಾ. “ಹಾಕಿದ್ರೂ ಉಪ್ಪ ನಾಳೆಗೇ ತೆಗೀತಾರೆ. ತೆಗೀಲಿ. ನೋಡ್ಲಿಕ್ಕೆ ಒಬ್ರು ಬೇಕಲ್ಲ. ಬಿಚ್ಚಿ ನೋಡಿದ್ರೂ ವಾರಂಟಿ ಉಂಟು ಅಂತ ಕಾಗದದಲ್ಲಿ ಬರ್ದು ಕೊಡಿ.”

ನಿನ್ನೆಯಿಂದ ಮಗಳ ಮುಖ ನೋಡಲು ಅಂಜುತ್ತಿದ್ದ ಕಾಕ ಈಗ ನೋಡಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.