ಮೊಳೆಗೆ ತೂಗುಹಾಕಿದ ಅಂಗಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಚ್ಚಿನಕ್ಕ ಎರಡು ಟೀ-ಶರ್ಟುಗಳನ್ನು ಮೇಜಿನ ಮೇಲೆ ಹಾಸಿಕೊಂಡು ನಿಂತಿದ್ದಾರೆ. ಒಂದನ್ನು ಎಳೆದು ನೋಡುತ್ತಾರೆ, ಇನ್ನೊಂದನ್ನು ಉಗುರಿನಿಂದ ಕೆರೆಯುತ್ತಾರೆ. “ತಲೆ ಕೆಟ್ಟು ಕೂತಿದೆ” ಎನ್ನುತ್ತಾರೆ.

ಅವರಪ್ಪ ಬಟ್ಟೆಯ ಬ್ಯಾನರಿಗೆ ಅಚ್ಚು ಹಾಕುತ್ತಿದ್ದವರು. ಪ್ಲಾಸ್ಟಿಕ್ ಬ್ಯಾನರ್ ಬಂದು ಆ ಕೆಲಸ ನಿಂತಾಗ ಮಗಳು ಅಪ್ಪನ ಜಾಲರಿ ಬಿಗಿದ ಮರದ ಚೌಕಟ್ಟುಗಳನ್ನೇ ಟೀ-ಶರ್ಟಿಗೆ ಬಳಸತೊಡಗಿದರು. ಕೆಲಸವಿದ್ದ ದಿನ ಎಂಬತ್ತು ಅಂಗಿ. ಬಣ್ಣ ಎಳೆದೆಳೆದು ಬಲಭುಜ ಮೇಲೇಳುವುದಿಲ್ಲ, ಜಡೆಯನ್ನು ಅತ್ತೆ ಹಾಕಿಕೊಡುತ್ತಾರೆ.

ಈಗ ಸಗಟು ಮಾರುಕಟ್ಟೆಯ ಹಮಾಲರಿಗೆ ಬೆನ್ನ ಮೇಲೆ ಅವರವರ ನಂಬರ್ ಇರುವ ಅಂಗಿ ಬೇಕಾಗಿದೆ. ನಂಬರ್ ಅಳಿಸಿಹೋಗಿದ್ದರೆ ಗೇಟಿನವನು ಒಳಗೆ ಬಿಡುವುದಿಲ್ಲ, ಆ ದಿನದ ಕೂಲಿ ಹೋಯಿತು. ಕಳೆದ ಸಲದ ನಂಬರುಗಳು ಮೂಟೆ ಉಜ್ಜಿ ಅಳಿಸಿಹೋದವು. ಅವನ್ನು ಅಚ್ಚು ಹಾಕಿದ್ದವರೂ ಇವರೇ.

ಹಾಗಾಗಿ ಈ ಸಲ ಪರೀಕ್ಷೆ ಮಾಡಿದರು. ಜಾಲರಿಯಿಂದ ದಪ್ಪಗೆ ಬಣ್ಣ ಎಳೆದ ಅಂಗಿಯನ್ನು ಒಬ್ಬ ಹಮಾಲನಿಗೆ, ಇಸ್ತ್ರಿಯಂಥ ಯಂತ್ರದಲ್ಲಿ ನಂಬರಿನ ಸ್ಟಿಕರ್ ಒತ್ತಿದ್ದನ್ನು ಹಮಾಲನೇ ಆದ ಮೈದುನನಿಗೆ ಕೊಟ್ಟರು. ತಿಂಗಳ ನಂತರ ಬಣ್ಣದ್ದು ಬಿರುಕು ಬಿಟ್ಟು ಬಂತು. ಸ್ಟಿಕರಿನದು ಹೊಸದರ ಹಾಗೇ ಇತ್ತು. ಸ್ಟಿಕರ್ ಹಾಳೆ ತರಲು ಹೊರಟವರನ್ನು ತಡೆದದ್ದು ಮೈದುನನೇ.

“ಅದನ್ನ ಹಾಕ್ಕೊಂಡ್ರೆ ಬೆನ್ನಿಗೆ ಪ್ಲಾಸ್ಟಿಕ್ ಚೀಲ ಅಂಟಿಸಿದ ಹಾಗೆ ಅತ್ತಿಗೆ. ಗೇಟ್ ದಾಟಿದ ತಕ್ಷಣ ಬಿಚ್ಚಿ ಮೊಳೆಗೆ ಹಾಕ್ತಿದ್ದೆ.”

“ಮತ್ತೆ ಚೆನ್ನಾಗಿದೆ ಅಂದ್ಯಲ್ಲೋ?”

“ನೀವು ನಂಬರ್ ಹೇಗಿದೆ ಅಂತ ಕೇಳಿದ್ರಿ.”

ಅಂದಿನಿಂದ ಅಚ್ಚಿನಕ್ಕನಿಗೆ ದಿಕ್ಕು ತೋಚುತ್ತಿಲ್ಲ. ಬಣ್ಣ ತೆಳುವಾದರೆ ಒಗೆತಕ್ಕೆ ಮಾಸುತ್ತದೆ, ದಪ್ಪವಾದರೆ ಒಡೆಯುತ್ತದೆ. ಎದೆಗೆ ಹಾಕೋಣವೆಂದರೆ ಪೆಟ್ಟಿಗೆ ಹೊರುವವರು ಅದನ್ನು ಎದೆಗೇ ಅವುಚಿಕೊಳ್ಳುತ್ತಾರೆ. ತೋಳಿನಷ್ಟು ಸಣ್ಣ ಜಾಗದ ನಂಬರನ್ನು ಗೇಟಿನವನು ಓದುವುದಿಲ್ಲ. ಸ್ಟಿಕರ್ ಮಾರುವವನನ್ನು ಕೇಳಿದರೆ ಬಣ್ಣ ದಂಡ ಎನ್ನುತ್ತಾನೆ, ಬಣ್ಣದ ಅಂಗಡಿಯವನು ಸ್ಟಿಕರ್ ದಂಡ ಎನ್ನುತ್ತಾನೆ.

ಇವತ್ತು ಇನ್ನೊಂದು ಅಂಗಿಯಲ್ಲಿ ಅಂಕಿಗಳ ಅಂಚನ್ನಷ್ಟೇ ಬಣ್ಣದಲ್ಲಿ ಎಳೆದು, ಒಳಗೆ ಬಟ್ಟೆಯನ್ನು ಖಾಲಿ ಬಿಟ್ಟಿದ್ದಾರೆ. ಬೆನ್ನಿಗೆ ಗಾಳಿಯಾಡಬಹುದು. ನಂಬರ್ ಉಳಿಯುತ್ತದೆಯೇ? ಅವರಿಗೂ ಗೊತ್ತಿಲ್ಲ. ಮೈದುನ ಅದನ್ನು ತೊಟ್ಟು ಹೊರಡುತ್ತಾನೆ. ಅಚ್ಚಿನಕ್ಕ ಬಾಗಿಲವರೆಗೆ ಬಂದು ಅವನ ಬೆನ್ನನ್ನೇ ನೋಡುತ್ತಾರೆ.

“ಅಳಿಸಿದ್ರೆ ಮತ್ತೆ ಹಾಕ್ಕೊಡ್ತೀನಿ. ಬಿಚ್ಚಿ ಮೊಳೆಗೆ ಹಾಕೋ ಅಂಥದ್ದು ಮಾತ್ರ ನನ್ನ ಕೈಯಿಂದ ಹೋಗಬಾರದು.”